ರಾಘವರ ಊರಲ್ಲಿ ಬಣ್ಣ ಹಚ್ಚಿದ ದಿನ

ಬಳ್ಳಾರಿಯಲ್ಲಿ ರಾಘವ ಅಂದರೆ ಈಗ ಜಾಸ್ತಿ ಜನಕ್ಕೆ ನೆನಪಾಗುವುದು ರಾಘವ ಕಲಾಮಂದಿರ. ಆ ಹೆಸರಿನ ಮನುಷ್ಯ, ಹಿಂದಿನ ಕಾಲದ ದೊಡ್ಡ ರಂಗನಟ ಬಳ್ಳಾರಿ ರಾಘವರು, ನನಗೆ ಹತ್ತಿರವಾಗಿದ್ದು ಅದೇ ರಂಗದ ಮೇಲೆ ನಾನೂ ನಿಲ್ಲುವ ದಿನ ಬಂದಾಗ.

ನಾನು ಹೈಸ್ಕೂಲ್ ಟೀಚರ್. ನಾವು ಕೆಲವು ಶಿಕ್ಷಕರು ಸೇರಿ ಒಂದು ನಾಟಕ ಕಟ್ಟಿದ್ದೆವು. ಹೊಲ ಕಳೆದುಕೊಂಡ ತಾಯಿಯೊಬ್ಬಳು ಕೋರ್ಟಿಗೆ ಅಲೆಯುವ ಕಥೆ. ಆ ತಾಯಿ ನಾನೇ. ಕೊನೆಯ ದೃಶ್ಯಕ್ಕೆ ಒಂದು ಹಾಡು ಇಟ್ಟರೆ ಜನ ಅಳುತ್ತಾರೆ ಅಂತ ತಾಲೀಮಿನಲ್ಲಿ ಯಾರೋ ಹೇಳಿದರು. ನಿರ್ದೇಶಕರಾದ ನಮ್ಮ ನಿವೃತ್ತ ಮೇಷ್ಟ್ರು ಒಪ್ಪಲೇ ಇಲ್ಲ. "ಇದು ರಾಘವರ ಊರು. ಇಲ್ಲಿ ಮೊದ್ಲು ಮಾತು, ಆಮ್ಯಾಲೆ ರಾಗ" ಅಂದರು.

ಆಮೇಲೆ ಚಹಾ ಕುಡಿಯುತ್ತಾ ರಾಘವರ ವಿಷಯ ಬಂತು. ಅವರು ಹುಟ್ಟಿದ್ದು 1880ರ ಆಗಸ್ಟ್ 2ರಂದು, ತಾಡಿಪತ್ರಿಯಲ್ಲಿ. ಮದರಾಸಿನಲ್ಲಿ ಕಾನೂನು ಓದಿ ಬಳ್ಳಾರಿಯಲ್ಲಿ ವಕೀಲಿಕೆ ಮಾಡಿದರು. ಸೋದರಮಾವ ಧರ್ಮವರಂ ರಾಮಕೃಷ್ಣಾಚಾರ್ಯರು ಇದೇ ಊರಲ್ಲಿ ಸರಸ ವಿನೋದಿನಿ ಸಭಾ ಕಟ್ಟಿ ನಾಟಕ ಬರೆದು ಆಡಿಸುತ್ತಿದ್ದವರು. ಅವರಿಗೆ ಪೈಪೋಟಿಯಾಗಿ ನಾಟಕ ಬರೆಯುತ್ತಿದ್ದವರು ಕೋಲಾಚಲಂ ಶ್ರೀನಿವಾಸರಾಯರು. ಮೂವರೂ ವಕೀಲರೇ! ಹಗಲೆಲ್ಲ ಕೋರ್ಟು, ರಾತ್ರಿ ರಂಗ. ಎಂಥ ಊರು ನಮ್ಮದು ಅನ್ನಿಸಿತು.

ಆಗಿನ ನಾಟಕದಲ್ಲಿ ಪದ್ಯ ಹಾಡುವುದೇ ದೊಡ್ಡದು. ಜನ ‘ಒನ್ಸ್ ಮೋರ್’ ಅಂದರೆ ಸತ್ತು ಬಿದ್ದ ರಾಜನೂ ಎದ್ದು ಮತ್ತೆ ಹಾಡುತ್ತಿದ್ದನಂತೆ. ರಾಘವರು ಮಾತಿಗೆ, ಕಣ್ಣಿಗೆ, ನಿಲ್ಲುವ ರೀತಿಗೆ ಬೆಲೆ ಕೊಟ್ಟರು. ವಿಜಯನಗರದ ಪತನದ ನಾಟಕದಲ್ಲಿ ಅವರ ಪಠಾಣ್ ರುಸ್ತುಂ ಪಾತ್ರ ಮನೆಮಾತಾಯಿತು. ತೆಲುಗು, ಕನ್ನಡ, ಇಂಗ್ಲಿಷ್, ಯಾವುದರಲ್ಲೂ ಅಭಿನಯಿಸಬಲ್ಲವರಾಗಿದ್ದರು. 1928ರಲ್ಲಿ ಇಂಗ್ಲೆಂಡಿಗೆ ಹೋಗಿ ನಾಟಕಕಾರ ಬರ್ನಾರ್ಡ್ ಷಾ ಅವರನ್ನೂ ಭೇಟಿಯಾದರು. ಸಿನಿಮಾ ಮಾತ್ರ ಕಡಿಮೆ. 1936ರ ‘ದ್ರೌಪದಿ ಮಾನಸಂರಕ್ಷಣಂ’ನಲ್ಲಿ ದುರ್ಯೋಧನನಾದರು. 1939ರಲ್ಲಿ ಜಮೀನ್ದಾರಿ ದಬ್ಬಾಳಿಕೆಯ ವಿರುದ್ಧ ಬಂದ ‘ರೈತು ಬಿಡ್ಡ’ದಲ್ಲೂ ಇದ್ದರು. 1946ರಲ್ಲಿ ತೀರಿಕೊಂಡರು.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ ಸಂಗತಿ ಬೇರೆ. ಗಂಡಸರೇ ಸೀರೆ ಉಟ್ಟು ಹೆಣ್ಣಿನ ಪಾತ್ರ ಮಾಡುತ್ತಿದ್ದ ಕಾಲ ಅದು. ಹೆಣ್ಣಿನ ಪಾತ್ರ ಹೆಣ್ಣೇ ಮಾಡಬೇಕು ಅಂತ ರಾಘವರು ಹಟ ಹಿಡಿದರು. ಕೊಮ್ಮೂರಿ ಪದ್ಮಾವತಿ ದೇವಿಯಂಥವರನ್ನು ರಂಗಕ್ಕೆ ಕರೆತಂದರು. ಆಗ ಜನ ಸುಮ್ನೆ ಬಿಟ್ಟಿರುತ್ತಾರಾ? ಆಡಿಕೊಂಡೇ ಇರುತ್ತಾರೆ. ಆಮೇಲೆ ಇದೇ ಬಳ್ಳಾರಿಯ ಸುಭದ್ರಮ್ಮ ಮನ್ಸೂರರು ಕಂಪನಿ ನಾಟಕಗಳಲ್ಲಿ ಮೆರೆದರು. ರಂಗಗೀತೆ ಅಂದರೆ ಸುಭದ್ರಮ್ಮ ಅನ್ನುವ ಹಾಗಾಯಿತು. ರಾಗ ಬೇಡ ಅಂದವರ ಊರಲ್ಲೇ ಇಷ್ಟು ಒಳ್ಳೆಯ ರಾಗವೂ ಬೆಳೆಯಿತು. ನನಗೆ ಇಬ್ಬರೂ ಬೇಕು.

ನಮ್ಮ ಮನೆಯಲ್ಲಿ ನಾಟಕಕ್ಕೆ ಯಾರೂ ಅಡ್ಡ ಬರಲಿಲ್ಲ. ಅತ್ತೆ ಮಾತ್ರ, "ನಾನೇನು ಬ್ಯಾಡ ಅನ್ನಂಗಿಲ್ಲವ್ವಾ, ಮಂದಿ ಏನಂತಾರ ನೋಡ್ಕೋ" ಅಂದಿದ್ದರು. ಆ ಮಾತು ತಾಲೀಮಿನ ದಿನಗಳುದ್ದಕ್ಕೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪ್ರದರ್ಶನದ ದಿನ ಬೆಳಿಗ್ಗೆ, ಪಾತ್ರಕ್ಕೆ ಹಳೇ ಇಳಕಲ್ ಸೀರೆ ಬೇಕು ಅಂತ ಅಳುಕುತ್ತಲೇ ಕೇಳಿದೆ. ಏನೂ ಮಾತಾಡದೆ ಟ್ರಂಕ್ ತೆಗೆದು ಎರಡು ಸೀರೆ ಮುಂದಿಟ್ಟರು. "ಹೊಲದಾಗ ದುಡಿಯೋಳು ಇದನ್ನ ಉಡ್ತಾಳ" ಅಂತ ಮಾಸಿದ್ದನ್ನು ಅವರೇ ಆರಿಸಿದರು. ಸಂಜೆ ಕಲಾಮಂದಿರಕ್ಕೂ ಬಂದರು.

ಕೋರ್ಟ್ ದೃಶ್ಯದಲ್ಲಿ ಎದುರಿನ ವಕೀಲ ನನ್ನನ್ನು ಪ್ರಶ್ನೆ ಕೇಳುತ್ತಲೇ ಹೋಗುತ್ತಾನೆ. ಒಂದು ಪ್ರಶ್ನೆಗೆ ನಾನು ಉತ್ತರ ಕೊಡದೆ ಬರೀ ನೋಡಬೇಕು. ತಾಲೀಮಿನಲ್ಲಿ ಅದು ಬಹಳ ಕಷ್ಟವಾಗಿತ್ತು. ಮಾತಿದ್ದರೆ ಹಿಡಿದುಕೊಳ್ಳಲು ಏನಾದರೂ ಇರುತ್ತದೆ, ಅಲ್ವಾ? ಅವತ್ತು ದೀಪದ ಬೆಳಕು ಮುಖಕ್ಕೆ ಹೊಡೆಯುತ್ತಿತ್ತು, ಕೈ ಸೀರೆಯ ಸೆರಗು ಹಿಡಿದಿತ್ತು. ಕೆಮ್ಮು, ಮಕ್ಕಳ ಗಲಾಟೆ ಎಲ್ಲ ನಿಂತಿತು. ಅಷ್ಟು ಜನ ನನ್ನ ಮೌನಕ್ಕೆ ಕಾಯುತ್ತಿದ್ದಾರೆ ಅಂತ ಮೈಯಿಗೆಲ್ಲ ಗೊತ್ತಾಯಿತು. ರಾಘವರು ಯಾಕೆ ಹಾಡಿನ ಹಿಂದೆ ಹೋಗಲಿಲ್ಲ ಅನ್ನುವುದು ನನಗೆ ತಿಳಿದಿದ್ದು ಆ ಗಳಿಗೆಯಲ್ಲಿ.

ನಾಟಕದಲ್ಲಿ ತೀರ್ಪು ಬರುವುದಿಲ್ಲ. ಮುಂದಿನ ತಾರೀಖು ಕೊಟ್ಟು ಪರದೆ ಬೀಳುತ್ತದೆ. ಆಟೋದಲ್ಲಿ ಮನೆಗೆ ಬರುವಾಗ ಮಂದಿ ಏನಂದರು ಅನ್ನುವ ಮಾತೇ ಬರಲಿಲ್ಲ. ಅತ್ತೆಗೆ ಇದ್ದ ಸಿಟ್ಟೆಲ್ಲ ಆ ವಕೀಲನ ಮೇಲೆ. "ಅಷ್ಟು ಓದಿದಾಂವ, ಒಬ್ಬ ಮುದುಕಿಗೆ ಹಂಗ ಕೇಳ್ತಾನೇನು?" ಅಂದರು. ಅವರು ನಮ್ಮ ಗಣಿತದ ಮೇಷ್ಟ್ರು, ಬಹಳ ಒಳ್ಳೆಯವರು ಅಂದೆ. ಒಪ್ಪಲಿಲ್ಲ. ಮನೆ ಬಾಗಿಲಿಗೆ ಬಂದರೂ ಜಗಳ ಮುಗಿದಿರಲಿಲ್ಲ. "ಹೊಲ ಆಕಿಗೆ ಸಿಗ್ತೋ ಇಲ್ಲೋ, ಅದನ್ನ ಹೇಳಲೇ ಇಲ್ಲಲ್ಲ ನೀವು! ಮತ್ತೊಮ್ಮೆ ಆಡಿದ್ರ ಹೊಲ ಕೊಡಿಸ್ರಿ. ಸೀರಿ ನಾ ಕೊಡ್ತೀನಿ."