ಗ್ಯಾದರಿಂಗ್‌ನಲ್ಲಿ ಆಡಿದ ಮುಳುಗಡೆ ನಾಟಕ

ಬಾಗಲಕೋಟೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಾಗಿ ಕೆಲವೇ ವರ್ಷಕ್ಕೆ ನಾನು ಕಾಲೇಜು ಸೇರಿದೆ. ಆಗ ಊರ ತುಂಬ ಒಂದೇ ಮಾತು, ಮುಳುಗಡೆ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭಾ ನದಿ ಹಿಡಿದು ಮೇಲೆ ಬರುತ್ತೆ ಅಂತ ಹಳೇ ಊರಿನ ಓಣಿಗಳು ಖಾಲಿಯಾಗುತ್ತಿದ್ದವು, ಪರಿಹಾರ ತಗೊಂಡವರು ಮುಳುಗಡೆಯವರಿಗಾಗಿ ಎದ್ದ ಹೊಸ ಊರು ನವನಗರದಲ್ಲಿ ಮನೆ ಕಟ್ಟುತ್ತಿದ್ದರು. ಆ ವರ್ಷದ ಗ್ಯಾದರಿಂಗ್‌ಗೆ, ಅಂದ್ರೆ ಕಾಲೇಜಿನ ವಾರ್ಷಿಕ ಸಮಾರಂಭಕ್ಕೆ, ನಮ್ಮ ಕನ್ನಡ ಸರ್ ಇದನ್ನೇ ನಾಟಕ ಮಾಡಿದರು.

ಕಥೆ ಸಣ್ಣದು. ತಾಯಿ, ಮಗ ಹಳೇ ಊರಿನ ಕಿಲ್ಲಾ ಓಣಿಯ ಮನೆ ಬಿಟ್ಟು ನವನಗರದ ಒಂದು ಸೆಕ್ಟರ್‌ಗೆ ಬರುತ್ತಾರೆ. ಮಗನ ಕೈಯಲ್ಲಿ ರೊಕ್ಕ ಇದೆ, ಕೆಲಸ ಇಲ್ಲ. ಮೊದಲು ಇಸ್ಪೀಟು, ಆಮೇಲೆ ಕುಡಿತ, ಕೊನೆಗೆ ತಾಯಿಯ ಕೊರಳಿನ ಬೋರಮಾಳ ಸರ ಕದ್ದು ಮಾರುತ್ತಾನೆ. ಕಂಪನಿ ನಾಟಕದಲ್ಲಾದರೆ ಹುಡುಗನನ್ನು ಕೆಡಿಸೋಕೆ ಅಂತಲೇ ಒಬ್ಬ ಇರ್ತಾನೆ. ಸರ್ ಅಂಥ ಪಾತ್ರವನ್ನೇ ಇಡಲಿಲ್ಲ. ಯಾಕೆ ಅಂತ ತಾಲೀಮಿನಲ್ಲಿ ಕೇಳಿದೆವು. "ಹಳೇ ಊರಾಗ ಅವ ಸೆರೆ ಅಂಗಡಿ ಮುಂದ ಹಾದ್ರ ಸಾಕು, ಕಟ್ಟಿ ಮ್ಯಾಲೆ ಕುಂತ ಕಾಕಾ 'ಯಾಕಲೇ ತಮ್ಮಾ, ಎಲ್ಲಿ ಹೊಂಟಿ' ಅಂತಿದ್ದ. ಇಲ್ಲಿ ಕೇಳಾವ್ರು ಯಾರದಾರ?" ಅಂದರು. ನಾಟಕ ನನಗೆ ಅರ್ಥ ಆಗಿದ್ದು ಆಗಲೇ.

ಸ್ಟೇಜಿನ ಮೇಲೆ ಸಾಲಾಗಿ ನಾಲ್ಕು ಬಾಗಿಲು, ಅಷ್ಟೇ. ಮುಳುಗಡೆ ಮನೆ ಕೆಡವಿ ಜನ ತೊಲೆ, ಚೌಕಟ್ಟು ಮಾರುತ್ತಿದ್ದರಲ್ವಾ, ಅವರನ್ನೇ ಕೇಳಿ ಎರಡು ದಿನದ ಮಟ್ಟಿಗೆ ತಂದಿದ್ದೆವು. ಒಂದರ ಹೊಸ್ತಿಲಿಗೆ ಹಚ್ಚಿದ ಅರಿಷಿಣ ಇನ್ನೂ ಹಾಗೇ ಇತ್ತು. ಮಗ ಮನೆಗೆ ಬಾರದ ರಾತ್ರಿ ತಾಯಿ ಒಂದೊಂದೇ ಬಾಗಿಲು ಬಡಿಯುತ್ತಾ "ನಮ್ಮ ಹುಡುಗನ್ನ ನೋಡೀರೇನ್ರೀ" ಅಂತ ಕೇಳುತ್ತಾ ಹೋಗುತ್ತಾಳೆ. ಒಳಗಿಂದ ಬರೋದು ಒಂದೇ ಮಾತು, "ಯಾರ್ರೀ ನೀವು?" ಮೂರನೇ ಬಾಗಿಲ ಹಿಂದೆ ನಿಂತು ಅದನ್ನು ಹೇಳುವುದು ನನ್ನ ಪಾತ್ರ. ಆ ತಾಯಿಯ ಪಾತ್ರ ಮಾಡಿದ ನಮ್ಮ ಸೀನಿಯರ್ ಎಷ್ಟು ಚೆಂದ ಮಾಡಿದ್ದರು ಅಂದ್ರೆ, ಆ ಮಾತು ಆಡೋಕೆ ನನಗೆ ಬಾಯೇ ಬರುತ್ತಿರಲಿಲ್ಲ.

ಕೊನೆಗೂ ಮಗ ಸುಧಾರಿಸುವುದಿಲ್ಲ. ಗ್ಯಾದರಿಂಗ್‌ನಲ್ಲಿ ಇಂಥ ನಾಟಕ ಯಾಕೆ ಬೇಕಿತ್ತು ಅಂತ ಕೆಲವರು ಗೊಣಗಿದರು. ಸರ್ ಮಾಡಿದ್ದೇ ಸರಿ. ಪರಿಹಾರದ ರೊಕ್ಕ ಹೀಗೇ ಕರಗಿಹೋದ ಮನೆಗಳು ನಮ್ಮ ಕಣ್ಣೆದುರೇ ಇದ್ದವು, ಆ ಮನೆಯವರ ಮುಂದೆ ಸುಮ್ನೆ ಸುಖಾಂತ್ಯ ತೋರಿಸೋದು ಹೇಗೆ?

ಈಗಿನ ವಿದ್ಯಾರ್ಥಿಗಳಿಗೆ ಒಂದು ಮಾತು. ಆ ನಾಟಕದ ಪ್ರತಿ ಯಾರ ಹತ್ತಿರವಾದರೂ ಸಿಕ್ಕರೆ ಮತ್ತೆ ಆಡಿ. ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇದೆ. ಇನ್ನಷ್ಟು ಓಣಿಗಳು, ಹಳ್ಳಿಗಳು ಜಾಗ ಬಿಡಬೇಕಾಗುತ್ತೆ. ಅವರು ಈ ನಾಟಕ ನೋಡಬೇಕು.