ಹರಿವಿಗೆ ಮುಖವೊಡ್ಡುವ ಸಿಗಡಿ

ಮೀನುತೊಟ್ಟಿಯಲ್ಲಿ ಫಿಲ್ಟರ್ ಇರುವುದೇ ನೀರಿನಲ್ಲಿ ತೇಲುವ ಕಣಗಳನ್ನು ಹೀರಿ ತೆಗೆಯುವುದಕ್ಕೆ. ಬ್ಯಾಂಬೂ ಸಿಗಡಿಯಾದರೋ ಬದುಕುವುದು ಅವೇ ಕಣಗಳನ್ನು ನಂಬಿಕೊಂಡು. ಟೆಟ್ರಾ ಮತ್ತು ಕೋರಿಡೋರಸ್ ಮೀನುಗಳಿದ್ದ ತೊಟ್ಟಿಗೆ ಅಂಥದೊಂದು ಸಿಗಡಿಯನ್ನು ಬಿಟ್ಟ ಮೇಲೆ ಈ ಎರಡನ್ನೂ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂದಿತು.

ಆಟಿಯಾಪ್ಸಿಸ್ ಮೊಲುಕ್ಕೆನ್ಸಿಸ್ ಎಂಬುದು ಇದರ ವೈಜ್ಞಾನಿಕ ಹೆಸರು. ಆಗ್ನೇಯ ಏಷ್ಯಾದ ರಭಸದ ತೊರೆಗಳಲ್ಲಿ ಕಲ್ಲನ್ನೋ ಮರದ ಬೇರನ್ನೋ ಬಿಗಿಯಾಗಿ ಹಿಡಿದು ಕೂರುವ ಜೀವಿಯಿದು. ಬೆಳೆದಾಗ 6ರಿಂದ 8 ಸೆಂಟಿಮೀಟರ್ ಉದ್ದವಿರುತ್ತದೆ. ಬೇರೆ ಸಿಗಡಿಗಳಿಗೆ ಚಿಮುಟದಂಥ ಕೊಂಡಿಗಳಿರುವ ಮೊದಲ ಎರಡು ಜೊತೆ ಕಾಲುಗಳ ತುದಿಯಲ್ಲಿ ಇದಕ್ಕೆ ನವಿರು ಕೂದಲಿನ ನಾಲ್ಕು ಬೀಸಣಿಗೆಗಳಿವೆ. ಅವುಗಳನ್ನು ಹರಿವಿಗೆ ಎದುರಾಗಿ ಬಿಡಿಸಿ ಹಿಡಿಯುತ್ತದೆ. ಕಣಗಳು ಸಿಕ್ಕಿದೊಡನೆ ಒಂದನ್ನು ಮಡಚಿ, ಮಗು ಬೆರಳು ಚೀಪುವಂತೆ ಬಾಯಿಗಿಟ್ಟು ಸವರಿ, ಮತ್ತೆ ಬಿಡಿಸಿ, ಅಷ್ಟರಲ್ಲಿ ಇನ್ನೊಂದನ್ನು ಮಡಚಿರುತ್ತದೆ. ಈ ಜೀವಿಯಿಂದ ಮೀನುಗಳಿಗಾಗಲಿ, ಗಿಡಗಳಿಗಾಗಲಿ ಯಾವ ತೊಂದರೆಯೂ ಇಲ್ಲ.

ಆದರೆ ನನ್ನ ತೊಟ್ಟಿಗೆ ಬಂದ ಸಿಗಡಿ ಮರದ ಕೊರಡನ್ನು ಬಿಟ್ಟು ತಳದ ಮರಳಿಗಿಳಿದು, ಬೀಸಣಿಗೆಗಳನ್ನು ಮುಚ್ಚಿ, ಅವುಗಳ ತುದಿಯಿಂದ ನೆಲವನ್ನು ಕೆದಕುತ್ತ ಅಲೆಯತೊಡಗಿತು. ಹೊಸ ಜಾಗಕ್ಕೆ ಬಂದ ಸಿಗಡಿ ಕೆಲವು ದಿನ ಹೀಗೆ ಸುತ್ತಾಡುವುದುಂಟು; ಅದೇ ಮುಂದುವರಿದರೆ ನೀರಿನಲ್ಲಿ ಅದಕ್ಕೆ ಆಹಾರ ಸಿಗುತ್ತಿಲ್ಲವೆಂದೇ ಅರ್ಥ. ಹಾಗೆ ಕೆದಕುವುದರಿಂದ ಬೀಸಣಿಗೆಯ ಕೂದಲುಗಳು ಸವೆಯುವ ಅಪಾಯವೂ ಇದೆ. ಜಲಜೀವಿಗಳಿಗೆ ವಿಷವಾಗುವ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಯಿದ್ದವು, ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಇತ್ತು. ನೀರಿನ ಗುಣದಲ್ಲಿ ದೋಷ ಕಾಣದಿದ್ದುದರಿಂದ ಹರಿವನ್ನೇ ಪರೀಕ್ಷಿಸಬೇಕೆಂದುಕೊಂಡು, ಒಂದು ರಜೆಯ ಮಧ್ಯಾಹ್ನವನ್ನು ಅದಕ್ಕಾಗಿಯೇ ಮೀಸಲಿಟ್ಟೆ.

ತೊಟ್ಟಿಯ ನೀರು ಎತ್ತ ಹರಿಯುತ್ತಿದೆಯೆಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಮೇಲ್ಮೈಯ ಅಲೆಗಳನ್ನು ನೋಡಿ ಊಹಿಸಿದ್ದು ಹೆಚ್ಚಾಗಿ ಹುಸಿಯಾಗುತ್ತದೆ. ಆದ್ದರಿಂದ ಸ್ಪೈರುಲಿನಾ ಎಂಬ ನೀಲಿಹಸಿರು ಪಾಚಿಯ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕದಡಿ, ಡ್ರಾಪರ್‌ನಿಂದ ಫಿಲ್ಟರ್‌ನ ಹೊರಗೊಳವೆಯ ಬಾಯಿಗೆ ಬಿಟ್ಟು, ತೊಟ್ಟಿಯ ಪಕ್ಕದಿಂದ ದೀಪ ಹಿಡಿದು ನೋಡಿದೆ. ಹಸಿರು ಎಳೆ ನೇರವಾಗಿ ಮುಂದಿನ ಗಾಜಿಗೆ ಹೊಡೆದು, ಅಲ್ಲಿಂದ ಕೆಳಗೆ ಜಾರಿ, ತಳದುದ್ದಕ್ಕೂ ಸಾಗಿ ಫಿಲ್ಟರ್‌ನ ಒಳಗೊಳವೆಗೆ ಮರಳುತ್ತಿತ್ತು. ಕೊರಡಿನ ಸುತ್ತಲಿನ ನೀರು ಮಾತ್ರ ಬಹುತೇಕ ನಿಶ್ಚಲವಾಗಿತ್ತು. ಸಿಗಡಿ ಮರಳಿಗಿಳಿದದ್ದಕ್ಕೆ ಕಾರಣ ಆಗ ಸ್ಪಷ್ಟವಾಯಿತು: ಹಾಗೂ ಹೀಗೂ ಒಂದಿಷ್ಟು ಕಣಗಳು ಹಾದುಹೋಗುತ್ತಿದ್ದ ದಾರಿ ತಳದಲ್ಲಿಯೇ ಇತ್ತು, ಸಿಗಡಿ ಅದನ್ನು ನನಗಿಂತ ಮೊದಲೇ ಪತ್ತೆಹಚ್ಚಿತ್ತು.

ಹೊರಗೊಳವೆಯನ್ನು ತೊಟ್ಟಿಯ ಉದ್ದಕ್ಕೆ ತಿರುಗಿಸಿದೆ. ಕೊರಡನ್ನು ಒಂದು ಚಪ್ಪಟೆ ಕಲ್ಲಿನ ಮೇಲೇರಿಸಿ, ಅದರ ತುದಿ ಹರಿವಿನ ನಡುವೆ ಬರುವಂತೆ ಇಟ್ಟೆ. ಎದುರಿನ ಮೂಲೆಯಲ್ಲಿ ನೀರನ್ನು ತಳ್ಳಿ ಹರಿವು ಹುಟ್ಟಿಸುವ ಒಂದು ಚಿಕ್ಕ ಪಂಪು, ಅಂದರೆ ಪವರ್‌ಹೆಡ್ ಅಳವಡಿಸಿ, ಸಿಗಡಿಯ ಕಾಲು ಸಿಲುಕದಂತೆ ಅದರ ಬಾಯಿಗೆ ಸ್ಪಂಜು ಹೊದಿಸಿದೆ. ಪ್ರತಿಯೊಂದು ಬದಲಾವಣೆಯ ನಂತರವೂ ಒಂದು ಹನಿ ಹಸಿರು ನೀರು ಬಿಟ್ಟು ಅದು ಸಾಗುವ ದಾರಿಯನ್ನು ನೋಡುತ್ತಿದ್ದೆ. ಟೆಟ್ರಾಗಳಿಗೆ ಈ ಗಡಿಬಿಡಿ ಹಿಡಿಸಲಿಲ್ಲ, ಅವು ಜಾವಾ ಫರ್ನ್ ಗಿಡದ ಹಿಂದೆ ಗುಂಪುಗೂಡಿದವು. ಹರಿವು ತಾಕದ ಆ ಮೂಲೆಯನ್ನು ಅವುಗಳಿಗಾಗಿ ಹಾಗೆಯೇ ಉಳಿಸಿದೆ. ಎಲ್ಲ ಮೀನುಗಳನ್ನೂ ತೊರೆಯ ಸೆಳೆತಕ್ಕೆ ಒಡ್ಡುವುದು ನ್ಯಾಯವಲ್ಲ.

ಸಂಜೆಗೆ ಸಿಗಡಿ ಕೊರಡನ್ನೇರಿತು. ಮೊದಲು ಒಂದು ಬೀಸಣಿಗೆಯನ್ನು ಅರ್ಧ ಬಿಡಿಸಿ, ಮುಚ್ಚಿ, ಎರಡು ಹೆಜ್ಜೆ ಸರಿದು, ಮತ್ತೆ ಬಿಡಿಸಿ ನೋಡಿತು. ಹೀಗೆ ಜಾಗವನ್ನು ಅಳೆಯುತ್ತ ಸಾಗಿ, ಕೊನೆಗೆ ನಾನು ಆರಿಸಿಟ್ಟಿದ್ದ ತುದಿಯನ್ನು ಬಿಟ್ಟು, ಅದರ ಕೆಳಗಿನ ಕವಲಿನಲ್ಲಿ ನೆಲೆಯಾಯಿತು. ಅಲ್ಲಿಗೂ ಒಂದು ಹನಿ ಬಿಟ್ಟು ನೋಡಿದೆ: ಎರಡು ಹರಿವುಗಳು ಕೂಡುವ ಜಾಗ ಅದೇ ಆಗಿತ್ತು.

ಹರಿವು ಸರಿಹೋದರೂ ಅದರಲ್ಲಿ ಆಹಾರ ಇರಬೇಕಲ್ಲ. ಊಟದ ಹೊತ್ತಿಗೆ ಫಿಲ್ಟರನ್ನು ಸ್ವಲ್ಪ ಕಾಲ ನಿಲ್ಲಿಸಿ, ಪವರ್‌ಹೆಡ್ ಒಂದನ್ನೇ ನಡೆಸಿ, ನುಣ್ಣಗೆ ಅರೆದ ಆಹಾರವನ್ನು ಸಿಗಡಿಯ ಮುಂದಿನ ಹರಿವಿಗೆ ಬಿಡುತ್ತೇನೆ. ಫಿಲ್ಟರ್ ಬಹಳ ಹೊತ್ತು ನಿಂತರೆ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕದ ಕೊರತೆಯಾಗುತ್ತದೆ. ಪುಡಿ ಹೆಚ್ಚಾದರೆ ಅದು ಕೊಳೆತು ಅಮೋನಿಯಾ ಏರುತ್ತದೆ. ಮೀನುಗಳಿಗೆ ಮೊದಲೇ ಅವುಗಳ ಪಾಲನ್ನು ಕೊಟ್ಟಿದ್ದರೆ ಅವು ಪುಡಿಯ ಹಿಂದೆ ಬೀಳುವುದು ಕಡಿಮೆ. ಹೊಸದಾಗಿ ಕಟ್ಟಿದ, ಸೂಕ್ಷ್ಮಜೀವಿಗಳು ಇನ್ನೂ ನೆಲೆಗೊಳ್ಳದ ತೊಟ್ಟಿಗೆ ಈ ಸಿಗಡಿಯನ್ನು ತರಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೀನುಗಳ ಜೊತೆ ಸಾಕುವಾಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಇನ್ನೊಂದು ಸಂಗತಿ ಔಷಧಿ. ಮೀನುಗಳ ಬಿಳಿಚುಕ್ಕೆ ರೋಗಕ್ಕೆ ಬಳಸುವ ಕೆಲವು ಔಷಧಿಗಳಲ್ಲಿ ತಾಮ್ರವಿರುತ್ತದೆ, ತಾಮ್ರ ಸಿಗಡಿಗಳಿಗೆ ವಿಷ. ಆದ್ದರಿಂದ ರೋಗ ಕಂಡ ಮೀನನ್ನು ಬೇರೆಡೆ ಇಟ್ಟು ಚಿಕಿತ್ಸೆ ಮಾಡಲು ಒಂದು ಚಿಕ್ಕ ತೊಟ್ಟಿಯನ್ನು ಸಿದ್ಧವಾಗಿಟ್ಟಿದ್ದೇನೆ. ಪೊರೆ ಕಳಚಿದ ಮೇಲೆ ಮೈ ಗಟ್ಟಿಯಾಗುವವರೆಗೆ ಸಿಗಡಿ ಕೊರಡಿನ ಅಡಿಯಲ್ಲಿ ಅಡಗಿರುತ್ತದೆ. ಆಗ ಅದನ್ನು ಕೆಣಕುವುದಿಲ್ಲ, ಕಳಚಿದ ಪೊರೆಯನ್ನೂ ಕೂಡಲೇ ತೆಗೆಯುವುದಿಲ್ಲ.

ಇದೇ ರೀತಿ ಸೋಸಿ ತಿನ್ನುವ, ಇದಕ್ಕಿಂತ ದೊಡ್ಡದಾಗಿ ಬೆಳೆಯುವ ಆಫ್ರಿಕಾದ ನೀಲಿ ಸಿಗಡಿ ಆಟಿಯಾ ಗಬೊನೆನ್ಸಿಸ್ ಮೇಲೆಯೂ ನನಗೆ ಆಸೆಯಿದೆ. ಆದರೆ ಈ ತೊಟ್ಟಿಯಲ್ಲಿ ಹರಿವುಗಳು ಕೂಡುವ ಜಾಗ ಒಂದೇ. ಅಲ್ಲಿ ಈಗಾಗಲೇ ಒಂದು ಸಿಗಡಿ ಕೂತಿರುವುದರಿಂದ, ದೊಡ್ಡ ತೊಟ್ಟಿ ಕಟ್ಟುವವರೆಗೆ ಅದನ್ನು ತರುವುದಿಲ್ಲ.