ಇವಿಯಲ್ಲಿ ಬೆಂಗಳೂರು–ಸಕಲೇಶಪುರ–ಮಂಗಳೂರು: ಯಾವ ಅಡಾಪ್ಟರ್ ಬೇಕು, ಯಾವುದು ಬೇಡ

ಎಲೆಕ್ಟ್ರಿಕ್ ಕಾರಿನಲ್ಲಿ ಮಂಗಳೂರಿಗೆ ಹೋಗಿ ಬಂದೆವು ಅಂದರೆ ಜನ ಕೇಳುವುದು ಎರಡೇ ಪ್ರಶ್ನೆ. ದಾರಿಯಲ್ಲಿ ಚಾರ್ಜ್ ಖಾಲಿ ಆಗಲಿಲ್ವಾ? ಬೇರೆ ಬೇರೆ ಕಂಪನಿಯ ಚಾರ್ಜರ್‌ಗೆ ಯಾವ ಅಡಾಪ್ಟರ್ ಹಾಕಿದಿರಿ? ಮೊದಲನೆಯದಕ್ಕೆ ಉತ್ತರ, ಇಲ್ಲ. ಎರಡನೆಯದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫಾಸ್ಟ್ ಚಾರ್ಜಿಂಗ್‌ಗೆ ಅಂತ ಸಾವಿರಾರು ರೂಪಾಯಿ ಕೊಟ್ಟು ಅಡಾಪ್ಟರ್ ತರಿಸಿ ಡಿಕ್ಕಿಯಲ್ಲಿ ಇಟ್ಟುಕೊಂಡವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರೆ. ಈ ದಾರಿಯಲ್ಲಿ ಅದು ಬೇಕಾಗುವುದೇ ಇಲ್ಲ. ಕೆಲಸಕ್ಕೆ ಬರುವುದು ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ನೀಲಿ ಇಂಡಸ್ಟ್ರಿಯಲ್ ಪ್ಲಗ್.

ಈ ಗೊಂದಲ ಅಮೆರಿಕದ ವಿಡಿಯೋಗಳಿಂದ ಬಂದದ್ದು. ಅಲ್ಲಿ ಟೆಸ್ಲಾದ ಪ್ಲಗ್ ಬೇರೆ, ಮಿಕ್ಕ ಹೆಚ್ಚಿನ ಕಂಪನಿಗಳ ಪ್ಲಗ್ (ಸಿಸಿಎಸ್) ಬೇರೆ ಇತ್ತು. 2022ರ ನವೆಂಬರ್‌ನಲ್ಲಿ ಟೆಸ್ಲಾ ತನ್ನ ಪ್ಲಗ್ಗಿಗೆ ಎನ್‌ಎಸಿಎಸ್ ಅಂತ ಹೆಸರಿಟ್ಟು, ಬೇರೆಯವರೂ ಬಳಸಿಕೊಳ್ಳಲಿ ಅಂತ ವಿನ್ಯಾಸವನ್ನು ಬಿಟ್ಟುಕೊಟ್ಟಿತು. 2023ರ ಮೇ ತಿಂಗಳಲ್ಲಿ ಫೋರ್ಡ್, ಜೂನ್‌ನಲ್ಲಿ ಜನರಲ್ ಮೋಟರ್ಸ್ ಕೈಜೋಡಿಸಿದವು. 2024ರಿಂದ ಫೋರ್ಡ್ ಕಾರಿನವರು ಅಡಾಪ್ಟರ್ ಸಿಕ್ಕಿಸಿ ಟೆಸ್ಲಾದ ಫಾಸ್ಟ್ ಚಾರ್ಜರ್ ಆದ ಸೂಪರ್‌ಚಾರ್ಜರ್‌ನಲ್ಲಿ ನಿಲ್ಲತೊಡಗಿದರು. ಅದು ಅಲ್ಲಿನ ಕಥೆ. ನನ್ನ ಭಾವಮೈದುನ ಸ್ಯಾನ್ ಹೋಸೆಯಲ್ಲಿದ್ದಾನೆ, ಅವನ ಡಿಕ್ಕಿಯಲ್ಲಿ ಅಂಥ ಎರಡು ಅಡಾಪ್ಟರ್ ಇವೆ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗಿ ಬಾಡಿಗೆಗೆ ಇವಿ ತೆಗೆದುಕೊಳ್ಳುವವರು ಇಷ್ಟು ತಿಳಿದಿರಲಿ: ನಿಧಾನ ಚಾರ್ಜಿಂಗ್‌ನ ಅಡಾಪ್ಟರ್ ಬೇರೆ, ಫಾಸ್ಟ್ ಚಾರ್ಜಿಂಗ್‌ನದು ಬೇರೆ. ನೋಡಲು ಒಂದೇ ಥರ ಇರುತ್ತವೆ, ಅದಲು ಬದಲು ಮಾಡಬಾರದು. ಹಳೆಯ ವಿ2 (ಎರಡನೇ ತಲೆಮಾರಿನ) ಸೂಪರ್‌ಚಾರ್ಜರ್‌ನಲ್ಲಿ ಬೇರೆ ಕಂಪನಿಯ ಕಾರು ಚಾರ್ಜ್ ಆಗುವುದಿಲ್ಲ. ವಿ3, ವಿ4 ಮಾತ್ರ. ಅದರಲ್ಲೂ ವಿ3ಯ ಕೇಬಲ್ ಗಿಡ್ಡ. ಕಾರಿನ ಪೋರ್ಟ್ ತಪ್ಪು ಮೂಲೆಯಲ್ಲಿದ್ದರೆ ಎರಡು ಜಾಗ ಹಿಡಿದುಕೊಂಡು ನಿಲ್ಲಬೇಕು, ಪಕ್ಕದವರು ಗುರಾಯಿಸುತ್ತಾರೆ.

ನಮ್ಮಲ್ಲಿ ಆ ತಾಪತ್ರಯ ಇಲ್ಲ. ಈಗ ಇಲ್ಲಿ ಮಾರಾಟವಾಗುವ, ಫಾಸ್ಟ್ ಚಾರ್ಜಿಂಗ್ ಇರುವ ಕಾರುಗಳಿಗೆಲ್ಲ ಚಾರ್ಜ್ ಮಾಡುವ ಜಾಗದಲ್ಲಿ ಸಿಸಿಎಸ್2 ಅನ್ನುವ ಒಂದೇ ಮಾದರಿಯ ಪೋರ್ಟ್. ಟಾಟಾ, ಮಹೀಂದ್ರಾ, ಎಂಜಿ, ಹ್ಯುಂಡೈ, ಬಿವೈಡಿ ಯಾವುದೇ ಇರಲಿ. 2025ರಲ್ಲಿ ಇಲ್ಲಿ ಮಾರಾಟ ಶುರು ಮಾಡಿದ ಟೆಸ್ಲಾ ಕೂಡ ಅದೇ ಪೋರ್ಟ್ ಇಟ್ಟುಕೊಂಡು ಬಂತು. ಟಾಟಾ ಪವರ್, ಜಿಯೋ-ಬಿಪಿ, ಝಿಯಾನ್, ಸ್ಟ್ಯಾಟಿಕ್, ಚಾರ್ಜ್‌ಝೋನ್ ಯಾರ ಗನ್ (ಚಾರ್ಜರ್ ಕೇಬಲ್ ತುದಿಯ ಪ್ಲಗ್) ಆದರೂ ಯಾರ ಕಾರಿಗಾದರೂ ಕೂರುತ್ತದೆ. ಎಂಜಿ ಕಾಮೆಟ್‌ನಂಥ ಕಾರಿನವರು ಮಾತ್ರ ಜೋಪಾನ. ಅದಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗೇ ಇಲ್ಲ, ಯಾವ ಅಡಾಪ್ಟರ್ ತಂದರೂ ಬರುವುದಿಲ್ಲ.

ಹಾಗಾದರೆ ಕೆಲವು ಹಳೆಯ ಸರ್ಕಾರಿ ಚಾರ್ಜರ್‌ಗಳಲ್ಲಿ ಬೇರೆ ಆಕಾರದ ಗನ್ ಇದೆಯಲ್ಲ, ಅದಕ್ಕೆ? ಅದರ ಹೆಸರು ಭಾರತ್ ಡಿಸಿ001. ಪ್ಲಗ್ ಚೀನಾದ ಜಿಬಿ/ಟಿ ಮಾದರಿಯದು. ಇ-ವೆರಿಟೊದಂಥ ಹಳೆಯ ಕಾರುಗಳಿಗಾಗಿ ಬಂದದ್ದು. ಆ ಕಾರುಗಳ ಬ್ಯಾಟರಿ 72 ವೋಲ್ಟ್. ಇವತ್ತಿನ ಫಾಸ್ಟ್ ಚಾರ್ಜಿಂಗ್ ಕಾರುಗಳದ್ದು ಸಾಮಾನ್ಯವಾಗಿ 300 ವೋಲ್ಟ್ ಮೇಲೆ. ಅಡಾಪ್ಟರ್ ಹಾಕಿ ಪ್ಲಗ್ ಕೂರಿಸಿದರೂ ಆ ಚಾರ್ಜರ್‌ಗೆ ನಮ್ಮ ಬ್ಯಾಟರಿ ತುಂಬುವ ಶಕ್ತಿಯೇ ಇಲ್ಲ. ಇದನ್ನು ಹೇಳದೆಯೇ ಜಿಬಿ/ಟಿ ಅಡಾಪ್ಟರ್ ಮಾರುವವರಿದ್ದಾರೆ, ಹುಷಾರು.

ಅಡಾಪ್ಟರ್ ಕೆಲಸ ಮಾಡುವುದು ಚಾರ್ಜರ್ ಮತ್ತು ಕಾರು ಒಂದೇ ರೀತಿ ಮಾತಾಡಿಕೊಳ್ಳುವಾಗ ಮಾತ್ರ. ಗನ್ ಹಾಕಿದ ಮೇಲೆ ಕರೆಂಟ್ ತಕ್ಷಣ ಹರಿಯುವುದಿಲ್ಲ ಅಲ್ವಾ? ಮೊದಲು ಲಾಕ್ ಬೀಳುತ್ತದೆ. ಆಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಎರಡೂ ಕಡೆ ಮಾತುಕತೆ. ನಂತರ ಕಾರಿನ ಒಳಗೆ ಟಕ್ ಅಂತ ಶಬ್ದ, ಚಾರ್ಜರ್ ಫ್ಯಾನ್ ಜೋರಾಗಿ ತಿರುಗುತ್ತದೆ. ಅಮೆರಿಕದ ಅಡಾಪ್ಟರ್‌ನಲ್ಲಿ ಬರೀ ತಾಮ್ರ, ಪ್ಲಾಸ್ಟಿಕ್ ಇದ್ದರೆ ಸಾಕಾಗುವುದು ವಿ3 ಚಾರ್ಜರ್ ಸಿಸಿಎಸ್ ರೀತಿಯಲ್ಲೇ ಮಾತಾಡುವುದರಿಂದ. ವಿ2ಗೆ ಆ ಮಾತು ಬರುವುದಿಲ್ಲ.

ಇನ್ನು ದಾರಿ. ನಮ್ಮದು 40.5 ಯೂನಿಟ್ ಬ್ಯಾಟರಿಯ ನೆಕ್ಸಾನ್. ನಾನು, ಹೆಂಡತಿ, ಅಮ್ಮ, ಮಗಳು, ಡಿಕ್ಕಿ ತುಂಬ ಲಗೇಜು. ಹೈವೇಯಲ್ಲಿ 80–90ರಲ್ಲಿ ಓಡಿಸಿದರೆ ಯೂನಿಟ್‌ಗೆ 7 ಕಿಲೋಮೀಟರ್ ಆಸುಪಾಸು ಬರುತ್ತದೆ. 110 ದಾಟಿದರೆ ಕಣ್ಣೆದುರೇ ಇಳಿಯುತ್ತದೆ. ಗೊರಗುಂಟೆಪಾಳ್ಯ, ನೆಲಮಂಗಲದ ಜಾಮ್‌ಗೆ ಹೆದರಬೇಡಿ. ನಿಂತ ಕಾರು ಏಸಿಗೆ ಬಿಟ್ಟರೆ ಹೆಚ್ಚೇನೂ ತಿನ್ನುವುದಿಲ್ಲ. ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ ದಾಟಿ ಹಾಸನ ಸುಮಾರು 185 ಕಿಲೋಮೀಟರ್. ಮನೆಯಿಂದ ಫುಲ್ ಮಾಡಿಕೊಂಡು ಹೊರಟರೆ ಮೂರನೇ ಒಂದು ಭಾಗ ಉಳಿದಿರುವಾಗ ಹಾಸನ ಮುಟ್ಟುತ್ತೀರಿ. ಬ್ಯಾಟರಿ 10 ಪರ್ಸೆಂಟ್‌ಗೆ ಬರುವವರೆಗೆ ಎಳೆಯುವ ಶೂರತನ ಬೇಡ. ಮೊದಲ ಚಾರ್ಜರ್ ಕೈಕೊಟ್ಟರೆ ಎರಡನೆಯದಕ್ಕೆ ಹೋಗುವಷ್ಟು ಇರಲಿ.

ಯಾಕೆ ಅಂದರೆ ಕೈಕೊಡುತ್ತದೆ. ಹಾಸನದಲ್ಲಿ ಮ್ಯಾಪ್ ತೋರಿಸಿದ ಮೊದಲ ಚಾರ್ಜರ್ ಒಂದು ಕಾರ್ ಶೋರೂಮಿನ ಆವರಣದಲ್ಲಿತ್ತು. ಗೇಟಿನ ಸೆಕ್ಯೂರಿಟಿ ನಮ್ಮ ಕಾರಿನ ಮುಂದಿನ ಲೋಗೋ ನೋಡಿದ. "ನಮ್ಮ ಕಂಪ್ನಿ ಗಾಡಿಗೆ ಮಾತ್ರ ಸಾರ್." ಗನ್ ಅದೇ ಸಿಸಿಎಸ್2, ಆಪ್‌ನಲ್ಲಿ ಎಲ್ಲರಿಗೂ ಅಂತ ಬರೆದಿದೆ. "ಆಪ್ ನಮ್ ಮ್ಯಾನೇಜರ್ ಅಲ್ವಲ್ಲ ಸಾರ್" ಅಂದ. ಸರಿಯಾದ ಮಾತೇ. ಇಂಥದ್ದಕ್ಕೆ ಯಾವ ಅಡಾಪ್ಟರ್ ಇದೆ ಹೇಳಿ! ಅದಕ್ಕೇ ನನ್ನ ಸಲಹೆ, ಶೋರೂಮ್ ಒಳಗಿನ ಚಾರ್ಜರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಸಿಕ್ಕರೆ ಲಾಭ ಅಷ್ಟೇ. ಭಾನುವಾರವಂತೂ ಗೇಟೇ ತೆರೆಯದಿರಬಹುದು. ಹೋಟೆಲ್ ಮುಂದೆ, ಪೆಟ್ರೋಲ್ ಬಂಕ್‌ನಲ್ಲಿ ಇರುವವು ವಾಸಿ. ಹೊರಡುವ ಮುಂಚೆ ಚಾರ್ಜರ್ ಹುಡುಕುವ ಪ್ಲಗ್‌ಶೇರ್ ಆಪ್‌ನಲ್ಲಿ ಆ ಚಾರ್ಜರ್ ತೆಗೆದು ಇತ್ತೀಚೆಗೆ ಯಾರಾದರೂ ಚಾರ್ಜ್ ಮಾಡಿ ಹೋಗಿದ್ದಾರಾ ನೋಡಿ. ಎಷ್ಟು ಸ್ಟಾರ್ ಅನ್ನುವುದಕ್ಕಿಂತ ಯಾವ ತಾರೀಖು ಅನ್ನುವುದು ಮುಖ್ಯ. ಬೆಸ್ಕಾಂನ ಇವಿ ಮಿತ್ರ ಆಪ್ ಕೂಡ ಫೋನ್‌ನಲ್ಲಿ ಇರಲಿ.

ಗನ್ ಒಂದೇ ಆದರೂ ದುಡ್ಡು ಕಟ್ಟುವ ಆಪ್ ಕಂಪನಿಗೊಂದು. ಪ್ರತಿಯೊಂದಕ್ಕೂ ಓಟಿಪಿ, ಪ್ರತಿಯೊಂದಕ್ಕೂ ವಾಲೆಟ್. ಇದನ್ನು ಚಾರ್ಜರ್ ಮುಂದೆ ಬಿಸಿಲಲ್ಲಿ ನಿಂತು ಮಾಡಬೇಡಿ. ಹಿಂದಿನ ರಾತ್ರಿ ಮನೆಯಲ್ಲಿ ವೈಫೈ ಇರುವಾಗಲೇ ದಾರಿಯಲ್ಲಿ ಬರುವ ಮೂರ್ನಾಲ್ಕು ನೆಟ್‌ವರ್ಕ್‌ಗಳ ಆಪ್ ಹಾಕಿಕೊಂಡು, ಲಾಗಿನ್ ಆಗಿ, ಕಾರಿನ ಮಾಡೆಲ್ ತುಂಬಿಸಿ. ದುಡ್ಡು ಮಾತ್ರ ನಿಮ್ಮ ಮೊದಲ ಆಯ್ಕೆಯ ಎರಡಕ್ಕೆ ಹಾಕಿದರೆ ಸಾಕು. ಮಿಕ್ಕವಕ್ಕೆ ಅಲ್ಲೇ ಹೋಗಿ ಯುಪಿಐ ಮಾಡಿದರಾಯಿತು. ಆರ್‌ಎಫ್‌ಐಡಿ ಕಾರ್ಡ್ ಕೊಡುವ ಕಂಪನಿ ಇದ್ದರೆ ಇಸ್ಕೊಳ್ಳಿ. ಘಟ್ಟದ ಕಡೆ ಸಿಗ್ನಲ್ ಇಲ್ಲದಿರುವಾಗ ಕಾರ್ಡ್ ತೋರಿಸಿದರೆ ಚಾರ್ಜರ್ ಶುರುವಾಗುವ ಸಾಧ್ಯತೆ ಇರುತ್ತದೆ. ದಾರಿಯಲ್ಲಿ ನಾವು ಕೊಟ್ಟದ್ದು ಯೂನಿಟ್‌ಗೆ 20 ರೂಪಾಯಿ ಆಸುಪಾಸು, ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಆಪ್‌ನಲ್ಲಿ ಕಾಣುವ ದರದಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ವಾ ನೋಡಿಕೊಳ್ಳಿ.

ಇನ್ನೊಂದು ವಿಷಯ. 60 ಕಿಲೋವ್ಯಾಟ್ ಅಂತ ಬೋರ್ಡ್ ಇರುವ, ಎರಡು ಗನ್‌ನ ಚಾರ್ಜರ್‌ಗಳಲ್ಲಿ ಪಕ್ಕದಲ್ಲಿ ಇನ್ನೊಂದು ಕಾರು ಬಂದು ನಿಂತರೆ ಸಾಮಾನ್ಯವಾಗಿ 30–30 ಹಂಚಿಕೆ ಆಗುತ್ತದೆ. ನಮಗೂ ಹಾಗೇ ಆಯಿತು. ಊಟ ಮುಗಿಸಿ ಬರುವಷ್ಟರಲ್ಲಿ 85 ಪರ್ಸೆಂಟ್ ಆಗಿರುತ್ತದೆ ಅಂದುಕೊಂಡರೆ 70 ಆಗಿತ್ತು. ಅಮ್ಮ ಇನ್ನೊಂದು ಕಾಫಿ ಹೇಳಿದರು, ಅಷ್ಟೇ. 80 ದಾಟಿದ ಮೇಲೆ ಹೇಗೂ ವೇಗ ಇಳಿಯುತ್ತದೆ. ಅಲ್ಲಿಂದ ಮುಂದೆ ಕಾಯುವುದು ದಂಡ, ಹಿಂದೆ ಕಾಯುತ್ತಿರುವವರಿಗೂ ಕಿರಿಕಿರಿ.

ಈಗ ಆ ನೀಲಿ ಪ್ಲಗ್ ವಿಷಯ. ಸಕಲೇಶಪುರದ ಹತ್ತಿರ ಕಾಫಿ ತೋಟದ ಹೋಂಸ್ಟೇಯಲ್ಲಿ ರಾತ್ರಿ ಉಳಿದೆವು. ಬುಕ್ ಮಾಡುವಾಗಲೇ ಫೋನ್ ಮಾಡಿ ಕಾರ್ ಚಾರ್ಜಿಂಗ್‌ಗೆ 15 ಆಂಪ್ ಪಾಯಿಂಟ್ ಇದೆಯಾ ಅಂತ ಕೇಳಿದ್ದೆ. "ಗೀಸರ್ ಪಾಯಿಂಟ್ ಇದೆ ಬನ್ನಿ ಸಾರ್" ಅಂದಿದ್ದರು ಮಾಲೀಕರು. ಗೀಸರ್ ಪಾಯಿಂಟ್ ಇತ್ತು ನಿಜ. ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್ ಹಾಕಿದ ತಕ್ಷಣ ಕೆಂಪು ಲೈಟ್. ಮಾಲೀಕರು ನಕ್ಕರು. "ಹೋದ್ ವಾರ ಬಂದಿದ್ದೋರಿಗೂ ಹಿಂಗೇ ಆಯ್ತು ಸಾರ್. ಗೀಸರ್ ಓಡುತ್ತೆ, ಮಿಕ್ಸಿ ಓಡುತ್ತೆ, ಈ ಕಾರಿಗೆ ಮಾತ್ರ ಏನ್ ರೋಗ ಅಂತ ಬೈಕೊಂಡ್ ಹೋದ್ರು."

ರೋಗ ಕಾರಿಗಲ್ಲ, ಅರ್ಥಿಂಗ್‌ಗೆ. ಪೋರ್ಟಬಲ್ ಚಾರ್ಜರ್‌ನ ಡಬ್ಬಿ ಕರೆಂಟ್ ಬಿಡುವ ಮುಂಚೆ ಅರ್ಥ್ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತದೆ. ಗೀಸರ್, ಮಿಕ್ಸಿ ಅದನ್ನೆಲ್ಲ ನೋಡುವುದಿಲ್ಲ. ಹಳೆಯ ಮನೆಗಳಲ್ಲಿ ಮೂರನೇ ಪಿನ್ನಿಗೆ ವಯರೇ ಇರುವುದಿಲ್ಲ, ಇದ್ದರೂ ಅರ್ಥ್ ಗುಂಡಿ ಒಣಗಿರುತ್ತದೆ. ಅದಕ್ಕೆ ಒಂದು ಸಾಕೆಟ್ ಟೆಸ್ಟರ್ ಇಟ್ಟುಕೊಳ್ಳಿ. ಅಂಗೈ ಅಗಲದ ಮೂರು ಪಿನ್ನಿನ ಪ್ಲಗ್, ಮೇಲೆ ಮೂರು ಪುಟಾಣಿ ದೀಪ. ಯಾವ ದೀಪ ಹತ್ತಿದರೆ ಏನು ಅಂತ ಅದರ ಮೈಮೇಲೇ ಅಚ್ಚು ಹಾಕಿರುತ್ತಾರೆ. 15 ಆಂಪ್ ಪಿನ್ನಿನದೇ ಕೇಳಿ ತಗೊಳ್ಳಿ. ಕೋಣೆ ಕೋಣೆ ಸುತ್ತಿ ಒಂದು ಪಾಯಿಂಟ್‌ನಲ್ಲೂ ಅರ್ಥ್ ಸಿಗದಿದ್ದಾಗ ಮಾಲೀಕರು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ನಿನ ಶೆಡ್ಡಿಗೆ ಕರೆದುಕೊಂಡು ಹೋದರು. ಮೋಟರಿಗೆ ಅಂತ ಹಾಕಿಸಿದ ನೀಲಿ ಇಂಡಸ್ಟ್ರಿಯಲ್ ಸಾಕೆಟ್ ಗೋಡೆಯಲ್ಲಿತ್ತು. ಮುಚ್ಚಳ ಎತ್ತಿದರೆ ಜೇಡರ ಬಲೆ. ಆದರೆ ಅರ್ಥ್ ವಯರ್ ಸೀದಾ ಗುಂಡಿಗೆ ಹೋಗಿತ್ತು. ನನ್ನ ನೀಲಿ ಪ್ಲಗ್‌ನ ಅಡಾಪ್ಟರ್ ಸಿಕ್ಕಿಸಿ, ಅದರ ಇನ್ನೊಂದು ತುದಿಯ 15 ಆಂಪ್ ಸಾಕೆಟ್‌ಗೆ ಚಾರ್ಜರ್ ಹಾಕಿದೆ. ಹಸಿರು ಲೈಟ್ ಬಂತು.

ಈ ಅಡಾಪ್ಟರ್ ಹಳೆಯ ಭಾರತ್ ಎಸಿ001 ಅನ್ನುವ ನಿಧಾನ ಚಾರ್ಜರ್‌ಗಳಿಗೂ ಆಗುತ್ತದೆ. ಅವುಗಳಲ್ಲಿ ಇರುವುದೂ ಇದೇ ಥರದ ನೀಲಿ ಸಾಕೆಟ್, ಒಂದೊಂದರಲ್ಲೂ 3.3 ಕಿಲೋವ್ಯಾಟ್. ತಗೊಳ್ಳುವಾಗ ಗಮನಿಸಿ, ನೀಲಿ ಪ್ಲಗ್ 16 ಆಂಪ್, 32 ಆಂಪ್ ಅಂತ ಎರಡು ಸೈಜಿನಲ್ಲಿ ಬರುತ್ತದೆ, ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬೇಕಾಗುವುದು 16. ಸಾಕೆಟ್ 32ರದ್ದಾಗಿ ಅಡಾಪ್ಟರ್ 16ಕ್ಕೆ ಇಳಿಸುವಂಥದ್ದಾದರೆ ಅದರೊಳಗೆ 16 ಆಂಪ್ ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಇರಲೇಬೇಕು. ವಯರ್ ತಾಮ್ರದ್ದು, 2.5 ಸ್ಕ್ವೇರ್ ಎಂಎಂಗಿಂತ ತೆಳ್ಳಗೆ ಬೇಡ, ಉದ್ದ ಜಾಸ್ತಿ ಇದ್ದರೆ 4 ಇರಲಿ. ಕಂಪ್ಯೂಟರ್‌ಗೆ ಹಾಕುವ ಎಕ್ಸ್‌ಟೆನ್ಷನ್ ಬೋರ್ಡ್ ದಯವಿಟ್ಟು ಬೇಡ. ಗಂಟೆಗಟ್ಟಲೆ 13–14 ಆಂಪ್ ಎಳೆದರೆ ಅದು ಕರಗುತ್ತದೆ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಗೆ ಹೋಗಿ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲು ಆಗದಿದ್ದರೆ ನಿಲ್ಲಿಸಿ.

ಅರ್ಥ್ ಇಲ್ಲದಿದ್ದರೂ ಚಾರ್ಜ್ ಆಗುವ ಹಾಗೆ ನ್ಯೂಟ್ರಲನ್ನೇ ಅರ್ಥ್ ಪಿನ್ನಿಗೆ ಸೇರಿಸಿದ ಬೈಪಾಸ್ ಅಡಾಪ್ಟರ್‌ಗಳನ್ನೂ ಮಾರುತ್ತಾರೆ. ಅದನ್ನು ಹತ್ತಿರ ಸೇರಿಸಬೇಡಿ. ಎಲ್ಲೋ ನ್ಯೂಟ್ರಲ್ ಕಿತ್ತುಹೋದರೆ ಕಾರಿನ ಲೋಹದ ಮೈಗೇ ಕರೆಂಟ್ ಬರುತ್ತದೆ. ಮಳೆಯಲ್ಲಿ ಬರಿಗಾಲಲ್ಲಿ ಬಾಗಿಲು ಮುಟ್ಟುವುದು ನಿಮ್ಮ ಮಗುವೇ ಆಗಿರಬಹುದು. ಚಾರ್ಜ್ ಆಗದಿದ್ದರೆ ಹಾಸನಕ್ಕೆ ವಾಪಸ್ ಹೋಗಿ ಬರುವುದೇ ಮೇಲು.

ಡಿಕ್ಕಿಯಲ್ಲಿ ಇಡಬೇಕಾದ ಇನ್ನೊಂದು ಸಾಮಾನು, ಟೈಪ್2ನಿಂದ ಟೈಪ್2 ಕೇಬಲ್ (ನಿಧಾನ ಎಸಿ ಚಾರ್ಜಿಂಗ್‌ನ ಪ್ಲಗ್ಗಿಗೆ ಟೈಪ್2 ಅಂತ ಹೆಸರು). ಕೆಲವು ಹೋಟೆಲ್, ಮಾಲ್‌ಗಳ 7.4 ಕಿಲೋವ್ಯಾಟ್ ಚಾರ್ಜರ್‌ನಲ್ಲಿ ಗನ್ ಇರುವುದಿಲ್ಲ, ಬರೀ ಸಾಕೆಟ್ ಇರುತ್ತದೆ. ಕೇಬಲ್ ನಮ್ಮದೇ ಆಗಬೇಕು. ನಿಮ್ಮ ಕಾರು 3.3 ಮಾತ್ರ ಎಳೆಯುವುದಾದರೆ ಆ ದುಡ್ಡು ಸುಮ್ನೆ ದಂಡ.

ಹೋಂಸ್ಟೇಯಲ್ಲಿ ಬಳಸಿದ ಕರೆಂಟಿಗೆ ದುಡ್ಡು ಕೊಡಿ. ಅವರು ಬೇಡ ಅಂದೇ ಅನ್ನುತ್ತಾರೆ. ಎಷ್ಟು ಯೂನಿಟ್ ಆಯಿತು ಅಂತ ಕಾರೇ ತೋರಿಸುತ್ತದೆ, ಲೆಕ್ಕ ಹಾಕಿ ಕೊಟ್ಟುಬಿಡಿ. ಮುಂದೆ ಬರುವವರಿಗೆ ಅವರು ಸಾಕೆಟ್ ತೋರಿಸಬೇಕಲ್ಲ.

ಸಕಲೇಶಪುರದಿಂದ ಕೆಳಗೆ ಇಳಿಯುವವರು ಬ್ಯಾಟರಿ 100 ಮಾಡಿಕೊಳ್ಳಬೇಡಿ, 90ಕ್ಕೆ ನಿಲ್ಲಿಸಿ. ಶಿರಾಡಿ ಘಾಟಿಯಲ್ಲಿ ಇಳಿಯುವಾಗ ರೀಜೆನ್‌ನಿಂದ, ಅಂದರೆ ಮೋಟರೇ ಕಾರನ್ನು ತಡೆಯುತ್ತಾ ಕರೆಂಟ್ ಹುಟ್ಟಿಸುವುದರಿಂದ, ಬ್ಯಾಟರಿಗೆ ಕರೆಂಟ್ ವಾಪಸ್ ಬರುತ್ತದೆ. ಬ್ಯಾಟರಿ ತುಂಬಿದ್ದರೆ ಅದನ್ನು ಇಡಲು ಜಾಗ ಇರುವುದಿಲ್ಲ, ರೀಜೆನ್ ಹಿಡಿಯುವುದಿಲ್ಲ, ಪೂರ್ತಿ ಬ್ರೇಕ್ ಮೇಲೇ ಇಳಿಯಬೇಕಾಗುತ್ತದೆ. ಗುಂಡ್ಯ ತಲುಪಿದಾಗ ಪರ್ಸೆಂಟೇಜ್ ಹೆಚ್ಚುಕಡಿಮೆ ಅಲ್ಲೇ ಇದ್ದದ್ದು ನೋಡಿ ಮಗಳಿಗೆ ಭಾರಿ ಖುಷಿ.

ವಾಪಸ್ ಬರುವಾಗ ಆ ಖುಷಿಗೆ ಲೆಕ್ಕ ಚುಕ್ತಾ. ಜನ, ಲಗೇಜು ಸೇರಿ 1700 ಕಿಲೋ ತೂಗುವ ಕಾರನ್ನು 850 ಮೀಟರ್ ಮೇಲಕ್ಕೆ ಎತ್ತಲು ಹೆಚ್ಚುಕಡಿಮೆ 4 ಯೂನಿಟ್ ಬೇಕು. ನಮ್ಮ ಬ್ಯಾಟರಿಯಲ್ಲಿ ಅದು ಹತ್ತು ಪರ್ಸೆಂಟ್. ಇದು ಮಾಮೂಲಿ ಓಟದ ಖರ್ಚಿನ ಮೇಲೆ. ಅದಕ್ಕೇ ಮಂಗಳೂರಲ್ಲಿ ಹೊರಡುವ ಮುಂಚೆಯೇ ತುಂಬಿಸಿಕೊಳ್ಳಿ. ಘಟ್ಟದ ಬುಡದಲ್ಲಿ ಚಾರ್ಜರ್ ಹುಡುಕುತ್ತಾ ಕೂರಬೇಡಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿ ಬಂದ್ ಆಗುವುದುಂಟು. ಆಗ ಚಾರ್ಮಾಡಿ ಅಥವಾ ಸಂಪಾಜೆ ಸುತ್ತಿ ಬರಬೇಕು, ದೂರವೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಸುತ್ತು ದಾರಿಯ ಚಾರ್ಜರ್‌ಗಳನ್ನೂ ಮೊದಲೇ ಗುರುತು ಹಾಕಿಕೊಳ್ಳಿ.

ಮನೆಗೆ ಬಂದ ಮೇಲೆ ವಾಲೆಟ್‌ಗಳನ್ನು ಒಂದು ಸಲ ತೆಗೆದು ನೋಡಿ. ಅಲ್ಲಿ ನೂರು, ಇಲ್ಲಿ ಇನ್ನೂರು ಅಂತ ಉಳಿದಿರುತ್ತದೆ. ವಾಪಸ್ ಕೊಡುವ ಆಪ್‌ನಲ್ಲಿ ರೀಫಂಡ್ ಒತ್ತಿ, ಕೊಡದಿದ್ದನ್ನು ಊರಲ್ಲೇ ಖರ್ಚು ಮಾಡಿ ಮುಗಿಸಿ.